ಆಪರೇಶನ್ ನಿಂತ ದಿನ

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಶನ್ ನಿಗದಿಯಾಗಿದೆಯೇ? ಹಾಗಾದರೆ ಜೋಯಿಡಾದ ನನ್ನ ಆಪಾಳ ವಿಷಯ ಕೇಳಿ.

ಆಪಾಗೆ ಪಿತ್ತಕೋಶದಲ್ಲಿ ಕಲ್ಲು. 2018ರಲ್ಲಿ ದಾಂಡೇಲಿಯ ನಮ್ಮ ಮನೆಗೆ ಕರೆತಂದು, ಹಳಿಯಾಳದ ದಾರಿಯಾಗಿ ಧಾರವಾಡದ ಆಸ್ಪತ್ರೆಗೆ ಒಯ್ದೆವು. "ಬಿ.ಪಿ. ಇದೆಯಾ?" ಎಂದು ಅರಿವಳಿಕೆ ಡಾಕ್ಟರ್ ಕೇಳಿದರು. ಇಲ್ಲ ಎಂದೆವು. ಸುಳ್ಳಲ್ಲ, ನೋಡಿಸಿದಾಗಲೆಲ್ಲ ಸರಿಯಾಗಿಯೇ ಇತ್ತು. ಆದರೆ ಆಗಾಗ ಅವಳಿಗೆ ತಲೆ ಸಿಡಿಯುತ್ತಿತ್ತು, ಎದೆ ಡವಡವ ಹೊಡೆದುಕೊಂಡು ಮೈಯೆಲ್ಲ ಬೆವರುತ್ತಿತ್ತು. ಅರ್ಧ ಗಂಟೆಯಲ್ಲಿ ಎಲ್ಲ ಮಾಯ. ಮುಂಡಗೋಡದ ಖಾಲಾ ದೃಷ್ಟಿ ತಾಗಿದೆ ಎಂದರು. ನಾನು, ಅವಳದು ಗಾಬರಿ ಸ್ವಭಾವ ಎಂದೆ. ಡಾಕ್ಟರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮತ್ತು ಕೊಟ್ಟು ಗಂಟಲಿಗೆ ನಳಿಗೆ ಇಳಿಸುತ್ತಿದ್ದಂತೆ ಬಿ.ಪಿ. 240 ದಾಟಿತಂತೆ. ಡಾಕ್ಟರ್ ಅದನ್ನು ಇಳಿಸಿ, ಆಪರೇಶನ್ ನಿಲ್ಲಿಸಿ, ಅವಳನ್ನು ಎಚ್ಚರಗೊಳಿಸಿದರು. ಅಷ್ಟು ದೂರದಿಂದ ಬಂದು ಸುಮ್ಮನೆ ಮರಳುವುದೇ ಎಂದು ಭಾವ ರೇಗಿದರು. ನಿಜ ಹೇಳುತ್ತೇನೆ, ನಾನೂ ರೇಗಿದ್ದೆ.

ಆಮೇಲೆ 24 ಗಂಟೆಯ ಮೂತ್ರ ಕೂಡಿಟ್ಟು ಪರೀಕ್ಷೆ, ಸಿ.ಟಿ. ಸ್ಕ್ಯಾನ್. ಕಿಡ್ನಿಯ ಮೇಲೆ ಟೋಪಿಯಂತೆ ಕೂರುವ ಅಡ್ರಿನಲ್ ಗ್ರಂಥಿಯಲ್ಲಿ ನಿಂಬೆ ಗಾತ್ರದ ಗಡ್ಡೆ! ಫಿಯೋಕ್ರೊಮೊಸೈಟೋಮ ಎಂದು ಅದರ ಹೆಸರು. ಬೆದರಿದಾಗ ನಮ್ಮ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದಲ್ಲ, ಅಂಥ ರಸಗಳನ್ನು ಈ ಗಡ್ಡೆ ಬೆದರಿಕೆಯಿಲ್ಲದೆಯೇ ಸುರಿಸುತ್ತದೆ. ನಳಿಗೆ ಇಳಿಸಿದರೂ, ಗಡ್ಡೆಗೆ ಕೈ ತಾಗಿದರೂ, ಕೆಲವು ಔಷಧಿ ಕೊಟ್ಟರೂ ಕೆರಳುತ್ತದೆ. ತಿಳಿಯದೆ ಮುಂದುವರಿದಿದ್ದರೆ ಹೃದಯ ನಿಲ್ಲಬಹುದಿತ್ತು, ಮೆದುಳಿನಲ್ಲಿ ರಕ್ತಸ್ರಾವವಾಗಬಹುದಿತ್ತು.

ಎರಡು ವಾರ ರಕ್ತನಾಳ ಸಡಿಲಿಸುವ ಆಲ್ಫಾ ಬ್ಲಾಕರ್ ಗುಳಿಗೆ ಕೊಟ್ಟರು. ಜೊತೆಗೆ ಧಾರಾಳ ನೀರು, ಉಪ್ಪು. "ಬಿ.ಪಿ.ಗೆ ಉಪ್ಪೇ ಡಾಕ್ಟ್ರೇ?" ಎಂದು ನಾನು ವಾದಕ್ಕಿಳಿದೆ. ಬಿಗಿದ ನಾಳ ಸಡಿಲವಾದಾಗ ಅದನ್ನು ತುಂಬಲು ಇದ್ದ ರಕ್ತ ಸಾಲದು, ಅದಕ್ಕೇ ಎಂದು ಬಿಡಿಸಿ ಹೇಳಿದರು. ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಆಮೇಲಷ್ಟೇ. ಮೊದಲೇ ಕೊಟ್ಟರೆ ಬಿ.ಪಿ. ಇನ್ನೂ ಏರೀತು.

ಈ ಬಾರಿ ಮಣಿಕಟ್ಟಿನ ರಕ್ತನಾಳಕ್ಕೆ ಸಣ್ಣ ನಳಿಗೆ ಹಾಕಿ ಬಡಿತ ಬಡಿತಕ್ಕೂ ಬಿ.ಪಿ. ನೋಡಿದರು. ಗಡ್ಡೆ ಹೊರಬಂದೊಡನೆ ಅದು ಥಟ್ಟನೆ ಕುಸಿಯಿತು. ಅದಕ್ಕೂ ಔಷಧಿ ಸಿದ್ಧವಿತ್ತು. ಪಿತ್ತಕೋಶದ ಸರದಿ ಕೆಲವು ತಿಂಗಳ ನಂತರ ಬಂತು. ಅದು ಸಲೀಸಾಗಿ ಮುಗಿಯಿತು.

ಕೆಲವು ಮನೆಗಳಲ್ಲಿ ಈ ಗಡ್ಡೆ ವಂಶದಲ್ಲಿ ಹರಿದು ಬರುತ್ತದಂತೆ. ಕಳೆದ ವರ್ಷ ಆಪಾಳ ಮಗಳಿಗೆ ಅಪೆಂಡಿಕ್ಸ್ ಆಪರೇಶನ್. ಅರಿವಳಿಕೆ ಡಾಕ್ಟರ್ ಬಾಯಿ ತೆರೆಯುವ ಮೊದಲೇ ಆಪಾ ತನ್ನ ಹಳೆಯ ಕಾಗದಗಳ ಪ್ಲಾಸ್ಟಿಕ್ ಚೀಲವನ್ನು ಅವರ ಮೇಜಿನ ಮೇಲೆ ಸುರಿದಳು.