ಕೇಳಿ ಕಲಿತ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಾತು ಬಾರದವನಿಗೂ ಜಗಳವಿಲ್ಲ. ಏಕೆಂದರೆ ಅವನು ಸುಮ್ಮನೆ ಕುಳಿತುಬಿಡುತ್ತಾನೆ. ಹಾಗೆ ಒಮ್ಮೆ ಕುಳಿತುಬಿಟ್ಟವನೊಬ್ಬನು ಮತ್ತೆ ಎದ್ದು ನಿಂತ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವನು ಬೇರೆ ಯಾರೂ ಅಲ್ಲ, ನಾನೇ.

ನಮ್ಮದು ಜತ್ತ ತಾಲೂಕು. ಸಾಂಗಲಿ ಜಿಲ್ಲೆಯ ಪೂರ್ವದ ತುದಿ, ಮಳೆಯ ಕೃಪೆ ಕಡಿಮೆಯಾದ ನೆಲ. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಈ ಸೀಮೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1960ರಲ್ಲಿ ಆ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂದಿತು. ಹೆಸರುಗಳು ಬದಲಾದರೂ ಸಂಖ, ಉಮದಿ, ಗುಡ್ಡಾಪುರಗಳ ಕಡೆಯ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ಕಚೇರಿಯ ಕಾಗದ ಮಾತ್ರ ಮರಾಠಿಯದು. ದಾನಮ್ಮದೇವಿಯ ಜಾತ್ರೆಯಲ್ಲಿ ಪ್ರವಚನ ಕೇಳಿ, ಮಠದ ಜಗುಲಿಯಲ್ಲಿ ಭಜನೆ ಕೇಳಿ ಬೆಳೆದ ನಮಗೆ ಮಾತಿನ ರುಚಿ ಹೊಸದಲ್ಲ. ಆದರೆ ಕೇಳುವುದು ಬೇರೆ, ಎದ್ದು ನಿಂತು ಹೇಳುವುದು ಬೇರೆ.

ನಾನು ಹನ್ನೆರಡನೆಯ ಇಯತ್ತೆ ಮುಗಿಸಿದ ವರ್ಷ ನಮ್ಮೂರಿನ ಕನ್ನಡ ಶಾಲೆಯಲ್ಲಿ ಕನ್ನಡ ಬಲ್ಲ ಶಿಕ್ಷಕರೊಬ್ಬರ ಸ್ಥಾನ ತೆರವಾಗಿತ್ತು. ಅಧಿಕಾರಿಯೊಬ್ಬರು ಊರಿಗೆ ಬಂದಾಗ ಹಿರಿಯರು ನನ್ನನ್ನು ಮುಂದೆ ತಳ್ಳಿ, "ಓದಿದಾವ ನೀನ ಹೇಳಪಾ" ಎಂದರು. ಮರಾಠಿಯಲ್ಲಿ ಹತ್ತು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆನು. ಮೂರನೆಯ ವಾಕ್ಯಕ್ಕೆ ನಾಲಿಗೆ ಒಣಗಿತು. ನಾಲ್ಕನೆಯದು ನೆನಪಿಗೆ ಬಾರಲಿಲ್ಲ. ಸಭೆ ನನ್ನನ್ನು ನೋಡುತ್ತಲಿತ್ತು. ನಾನು ನನ್ನ ಕಾಲ್ಬೆರಳುಗಳನ್ನು ನೋಡುತ್ತ ಕುಳಿತುಬಿಟ್ಟೆನು. ಕೊನೆಗೆ ಓದು ಬಾರದ ಅಜ್ಜನೊಬ್ಬನು ಎದ್ದು, "ಸಾಹೇಬ್ರ, ನಮ್ಮ ಹುಡುಗರಿಗೆ ತಿಳಿಯೂ ಮಾತಿನ ಮಾಸ್ತರ ಬೇಕ್ರಿ. ಅಷ್ಟ" ಎಂದು ಹೇಳಿ ಕುಳಿತನು. ಸಾಹೇಬರು ನಕ್ಕು ಜೀಪು ಹತ್ತಿದರು. ಆ ವರ್ಷ ಮಾಸ್ತರರು ಬರಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚಿನ ನೋವಾಯಿತು.

ಮುಂದೆ ಶಿಕ್ಷಕರ ತರಬೇತಿಗೆ ಸೇರಿದೆನು. ಅಲ್ಲಿ ನಮ್ಮ ವರ್ಗವನ್ನು ಐದೈದು ಜನರ ಎಂಟು ಗುಂಪುಗಳನ್ನಾಗಿ ಒಡೆದು, ಒಂದೊಂದು ಗುಂಪಿಗೆ ಒಂದೊಂದು ವಿಷಯ ಕೊಟ್ಟರು. ಮಂಡನೆಗೆ ಇಪ್ಪತ್ತು ನಿಮಿಷ. ಉಳಿದವರು ನಿರೀಕ್ಷಣ ವಹಿಯಲ್ಲಿ ಮೊದಲು ಒಂದು ಗುಣ, ಆಮೇಲೆ ಒಂದು ದೋಷ, ಅದರ ಕೆಳಗೆ ಆ ದೋಷವನ್ನು ತಿದ್ದುವ ಉಪಾಯ, ಇಷ್ಟನ್ನು ಬರೆಯಬೇಕು. ನಮ್ಮ ಗುಂಪಿನ ಸರದಿ ಕಟ್ಟಕಡೆಯದು. ಬಲಿಯ ಕುರಿಗೆ ಇನ್ನೂ ಕೆಲವು ದಿನ ಹುಲ್ಲು ದೊರೆಯಿತೆಂದು ಸಮಾಧಾನಪಟ್ಟು ಹಿಂದಿನ ಬೆಂಚಿನಲ್ಲಿ ಕುಳಿತೆನು. ಆ ಬೆಂಚೇ ನನಗೆ ಗುರುವಾಯಿತು.

ಮೊದಲ ಗುಂಪಿನವನು, "ನನಗೆ ಹೆಚ್ಚು ತಯಾರಿಯಿಲ್ಲ, ಕ್ಷಮಿಸಬೇಕು" ಎಂದು ಆರಂಭಿಸಿದನು. ಕೂಡಲೇ ನನ್ನ ಕಿವಿ ಅವನಲ್ಲಿ ತಪ್ಪನ್ನೇ ಹುಡುಕತೊಡಗಿತು. ಹುಡುಕಲು ಹೇಳಿದವನು ಅವನೇ ಅಲ್ಲವೆ? ಎರಡನೆಯ ಗುಂಪಿನವರು ಕಾಗದ ನೋಡಿ ಓದಿದರು; ಪ್ರತಿ ಸಾಲಿನ ಕೊನೆಯ ಶಬ್ದ ಕಾಗದದೊಳಗೇ ಬಿದ್ದು ಹೋಯಿತು. ಮೂರನೆಯ ಗುಂಪಿನ ಐವರೂ ಒಳ್ಳೆಯ ಮಾತುಗಾರರು. ಆದರೂ ಒಬ್ಬನು ಹೇಳಿದ ಪೀಠಿಕೆಯನ್ನೇ ಮುಂದಿನವನು ಮತ್ತೆ ಹೇಳಿದನು. ಬಟ್ಟೆ ಚೆನ್ನಾಗಿತ್ತು, ಹೊಲಿಗೆ ಬಿಚ್ಚಿತ್ತು. ಗುಂಪಿನ ಮಾತಿನಲ್ಲಿ ಒಬ್ಬನ ಕೊನೆಯ ವಾಕ್ಯ ಮತ್ತೊಬ್ಬನ ಮೊದಲ ವಾಕ್ಯದ ಕೈ ಹಿಡಿಯಬೇಕೆಂಬುದನ್ನು ಅಂದು ಅರಿತೆನು.

ಐದನೆಯ ಗುಂಪಿನಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳಿದ್ದಳು. ವಿಷಯ ನೀರು. ಅವಳು ಏನೂ ಹೇಳದೆ ಮೊದಲು ಒಂದು ಬರಿ ಕೊಡವನ್ನು ಮೇಜಿನ ಮೇಲಿಟ್ಟು, ಬೇಸಿಗೆಯಲ್ಲಿ ಟ್ಯಾಂಕರ್ ಬಂದ ದಿನ ತನ್ನ ಮನೆಗೆ ದೊರೆಯುವ ಕೊಡಗಳು ಎಷ್ಟೆಂದು ಎಣಿಸಿ ಹೇಳಿದಳು. ಮರಾಠಿಯಲ್ಲಿ ಜಡವಸ್ತುಗಳಿಗೂ ಮೂರು ಲಿಂಗ. ಹಂಡೆ ಗಂಡು, ಕೊಡ ಹೆಣ್ಣು, ನೀರು ನಪುಂಸಕ. ಕನ್ನಡದ ನಾಲಿಗೆ ಅಲ್ಲಿ ಎಡವದಿರುವುದು ಕಷ್ಟ. ಅವಳೂ ಎಡವಿದಳು, ಇಬ್ಬರು ಕಿಸಕ್ಕೆಂದರು. ಅವಳು ತಾನೂ ನಕ್ಕು, ತಪ್ಪನ್ನು ತಿದ್ದಿಕೊಂಡು ಮುಂದೆ ನಡೆದಳು. ಆಮೇಲೆ ಯಾರೂ ನಗಲಿಲ್ಲ. ಹೊರಗೆ ಬಂದ ಮೇಲೆ, "ಕೈ ಎಷ್ಟು ನಡುಗ್ತಿದ್ವು, ನೋಡಿದಿರೇನು?" ಎಂದು ಕೇಳಿದಳು. ಕಣ್ಣಿಟ್ಟು ನೋಡಿದ್ದ ನನಗೂ ಆ ನಡುಕ ಕಂಡಿರಲಿಲ್ಲ.

ಇದು ನನ್ನೊಬ್ಬನ ಅನುಭವವಲ್ಲವೆಂದು ಬಹಳ ದಿನಗಳ ಮೇಲೆ ಓದಿ ತಿಳಿದೆನು. ತಮ್ಮ ಅಂಜಿಕೆ ಸಭೆಗೆಲ್ಲ ಕಾಣುತ್ತಿದೆಯೆಂದು ಭಾಷಣಕಾರರು ಭಾವಿಸುವಷ್ಟು ಅದು ನಿಜವಾಗಿ ಕಾಣುವುದಿಲ್ಲವೆಂದೂ, ಈ ಸಂಗತಿಯನ್ನು ಮುಂಚಿತವಾಗಿ ತಿಳಿಸಿದರೆ ಅವರು ಇನ್ನಷ್ಟು ಚೆನ್ನಾಗಿ ಮಾತಾಡುವರೆಂದೂ ಸಾವಿಟ್ಸ್ಕಿ, ಗಿಲೋವಿಚ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಇನ್ನೂ ಹಿಂದೆ, ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ, ರೋಮಿನ ವಾಕ್ಪಟುತ್ವದ ಗುರು ಕ್ವಿಂಟಿಲಿಯನ್ನನು ಮನೆಪಾಠಕ್ಕಿಂತ ಶಾಲೆಯೇ ಮೇಲೆಂದು ವಾದಿಸಿದನು. ಮನೆಯಲ್ಲಿ ಹುಡುಗನು ತನಗೆ ಹೇಳಿದ್ದನ್ನಷ್ಟೇ ಕಲಿಯುತ್ತಾನೆ. ಶಾಲೆಯಲ್ಲಾದರೆ ಇತರರನ್ನು ತಿದ್ದಿದ್ದರಿಂದಲೂ ಹೊಗಳಿದ್ದರಿಂದಲೂ ಕಲಿಯುತ್ತಾನೆ ಎಂಬುದು ಅವನ ಅಭಿಪ್ರಾಯ. ನಮ್ಮ ಸೋಮೇಶ್ವರ ಶತಕವೂ ಬಲ್ಲವರಿಂದ ಕಲಿಯುವುದರ ಜೊತೆಗೆ ಮಾಡುವವರನ್ನು ಕಂಡು ಕಲಿಯುವುದನ್ನು ಹೇಳಿಯೇ ಇದೆ.

ಹಾಗೆಂದು ಕಂಡದ್ದನ್ನೆಲ್ಲ ನಕಲು ಮಾಡಿದರೆ ಸಾಗದು. ಆರನೆಯ ಗುಂಪಿನ ಗೆಳೆಯನೊಬ್ಬನು ಕೈ ಬೀಸಿ ಗುಡುಗುವಂತೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದನು. ಖೋಲಿಯಲ್ಲಿ ನಾನೂ ಹಾಗೆಯೇ ಕೈ ಬೀಸಿ ನೋಡಿದೆನು. ಜೊತೆಯ ಗೆಳೆಯನು, "ನೊಣ ಹೊಡಿಯಾಕತ್ತೀಯೇನು?" ಎಂದನು. ಪರರಿಂದ ಕಲಿಯಬೇಕಾದುದು ಕಂಠವನ್ನಲ್ಲ, ಕ್ರಮವನ್ನು. ಆರಂಭ ಎಲ್ಲಿ, ನಿಲುಗಡೆ ಎಲ್ಲಿ, ಮುಕ್ತಾಯ ಎಲ್ಲಿ ಎಂಬುದನ್ನು.

ನಮ್ಮ ಸರದಿ ಬಂದಿತು. ಬಾಯಿಪಾಠವನ್ನು ಬಿಟ್ಟು ಮೂರು ಮಾತುಗಳನ್ನು ಮಾತ್ರ ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡಿದ್ದೆನು. ಎರಡನೆಯದನ್ನು ಮುಗಿಸುವಾಗ ಹಳೆಯ ಭೂತ ಮತ್ತೆ ಬಂದಿತು. ಮುಂದಿನದು ಮರೆತೇ ಹೋಯಿತು. ಈ ಸಲ ಕುಳಿತುಕೊಳ್ಳಲಿಲ್ಲ. ಬೆಂಚುಗಳತ್ತ ನೋಡಿದೆನು. ಇಷ್ಟು ದಿನ ನಾನೇ ಕುಳಿತ ಸ್ಥಳವದು. ಅಲ್ಲಿ ಕುಳಿತವನು ಮಾತಾಡುವವನ ಸೋಲನ್ನು ಬಯಸುವುದಿಲ್ಲ, ಅವನು ದಡ ಸೇರಲೆಂದೇ ಬಯಸುತ್ತಾನೆ ಎಂಬುದು ನನಗೆ ಗೊತ್ತಿತ್ತು. ಉಸಿರೆಳೆದು, ಚೀಟಿ ನೋಡಿ, ಮುಂದುವರಿದೆನು. ಅಂದಿನ ವಹಿಯೊಂದರಲ್ಲಿ ನನ್ನ ಗುಣದ ಸಾಲಿನಲ್ಲಿ, "ನಡುವೆ ನಿಂತು ಯೋಚಿಸಿ ಮಾತಾಡಿದರು" ಎಂದು ಬರೆದಿತ್ತು. ನನ್ನ ಮರೆವು ಆ ವಾಚಕನಿಗೆ ಯೋಚನೆಯಾಗಿ ಕಂಡಿತ್ತು!

ಮರುವರ್ಷ ಊರಿನಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ನಾನು ಮೊದಲು ಅಜ್ಜನ ಮಾತನ್ನೇ ಮರಾಠಿಯಲ್ಲಿ ಹೇಳಿ, ಮಕ್ಕಳ ಸಂಖ್ಯೆಯನ್ನು ಹೇಳಿ, ಅರ್ಜಿಯನ್ನು ಕೈಗಿತ್ತೆನು. ಅಧಿಕಾರಿಗಳು ಅದನ್ನು ನಿಂತಲ್ಲೇ ಪೂರ್ತಿ ಓದಿದರು. ಕೆಲವು ತಿಂಗಳ ಮೇಲೆ ಕನ್ನಡ ಬಲ್ಲ ಶಿಕ್ಷಕರೊಬ್ಬರು ಬಂದರು. ಅದು ನನ್ನ ಮಾತಿನ ಫಲವೆಂದು ಹೇಳಲಾರೆ. ಕುಳಿತುಬಿಡಲಿಲ್ಲವೆಂಬುದಷ್ಟೇ ನನ್ನ ಪಾಲಿನದು.

ನಮ್ಮ ಸಂಘದ ಭಾಷಣ ಸ್ಪರ್ಧೆಗಳಲ್ಲಿ ಮಕ್ಕಳು ತಮ್ಮ ಸರದಿ ಮುಗಿದೊಡನೆ ತಾಯಿತಂದೆಗಳ ಕೈ ಹಿಡಿದು ಹೊರಟುಹೋಗುವುದನ್ನು ನೋಡಿದ್ದೇನೆ. ಬಹುಮಾನ ಹೋದರೆ ಹೋಗಲಿ. ಉಳಿದವರ ಮಾತು ಕೇಳದೆ ಹೋದರೆ ಹೋದದ್ದು ಪಾಠ. ಇನ್ನು ಮುಂದೆ ಕೊನೆಯ ಮಗು ಮಾತಾಡಿ ಮುಗಿಸುವವರೆಗೂ ಎಲ್ಲರನ್ನೂ ಕೂರಿಸಿಕೊಳ್ಳೋಣ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹಾಳೆ ಕೊಟ್ಟು, ಮೊದಲು ಗುಣವನ್ನೇ ಬರೆಯಿರೆಂದು ಹೇಳೋಣ. ಗಡಿಯ ಮಕ್ಕಳು ನಾಳೆ ಯಾವ ಭಾಷೆಯ ಸಭೆಯಲ್ಲಿ ಎದ್ದು ನಿಲ್ಲಬೇಕಾಗುವುದೋ ಯಾರು ಬಲ್ಲರು? ನಿಂತಾಗ ಕಾಲ್ಬೆರಳುಗಳನ್ನು ನೋಡದಿದ್ದರೆ ಸಾಕು.