ಯಂತ್ರಕ್ಕೂ ಉಂಟು ಪಹಣಿ

ಪಹಣಿ ನೋಡದೆ ಜಮೀನು ಕೊಳ್ಳುವ ರೈತ ನಮ್ಮ ಹುಣಸೂರು ಸೀಮೆಯಲ್ಲಿ ಸಿಗಲಾರ. ಅದೇ ರೈತ ಹೊಗೆಸೊಪ್ಪಿನ ಹರಾಜಿನ ದುಡ್ಡಿನಲ್ಲಿ ಮಗನಿಗೆ ಹಳೆಯ ಕಂಪ್ಯೂಟರ್ ಕೊಡಿಸುವಾಗ ಮಾತ್ರ ಮಾರುವವನ ಬಾಯಿಮಾತನ್ನೇ ನಂಬುತ್ತಾನೆ!

ಕಂಪ್ಯೂಟರಿಗೂ ಪಹಣಿಯುಂಟು. ಗುಂಡಿ ಒತ್ತಿದೊಡನೆ ಮೊದಲು ಏಳುವುದು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಬರೆದಿಟ್ಟ ತಂತ್ರಾಂಶ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ತನ್ನ ಆವೃತ್ತಿಯ ದಿನಾಂಕ ಇವನ್ನೆಲ್ಲ ಅದು ‘ಎಸ್‌ಎಂಬಯಾಸ್’ ಎಂಬ ಪಟ್ಟಿಯಾಗಿ ಮೆಮೊರಿಯಲ್ಲಿ ಇಡುತ್ತದೆ. ಲಿನಕ್ಸ್‌ನ ತಿರುಳಾದ ಕರ್ನೆಲ್ ಆ ಪಟ್ಟಿಯನ್ನು ಓದಿ, ‘ಸಿಸ್’ ಎಂಬ ಕೋಶದಡಿ ಪುಟ್ಟ ಪುಟ್ಟ ಕಡತಗಳಾಗಿ ತೆರೆದಿಡುತ್ತದೆ. ‘ಬಯಾಸ್ ಡೇಟ್’ ಕಡತವನ್ನು ಯಾರು ಬೇಕಾದರೂ ಓದಬಹುದು. ಕ್ರಮಸಂಖ್ಯೆ ಮಾತ್ರ ‘ರೂಟ್’ ಎಂಬ ಯಜಮಾನ ಖಾತೆಗಷ್ಟೇ ಕಾಣುತ್ತದೆ. ಈ ಸಂಕೋಚ ನನಗೆ ಹಿಡಿಸಿತು.

ಪಿರಿಯಾಪಟ್ಟಣದ ನಮ್ಮ ಭಾವನವರು ತಂದ ಯಂತ್ರದಲ್ಲಿ ನನ್ನ ಸೋದರಳಿಯ ಆ ಕಡತ ತೆರೆದಾಗ 2012 ಎಂದಿತ್ತು. ಮಾರಿದವನು ಮೂರೇ ವರ್ಷದ್ದು ಎಂದಿದ್ದನಂತೆ. ತಾರೀಖು ತೋರಿಸಿದ ಮೇಲೆ ಬೆಲೆ ಇಳಿಸಿದ.

ಆದರೆ ಕರ್ನೆಲ್ ಸ್ಥಳತನಿಖೆ ಮಾಡುವುದಿಲ್ಲ, ಬರೆದದ್ದನ್ನು ಒಪ್ಪಿಸುತ್ತದೆ ಅಷ್ಟೆ. ಫರ್ಮ್‌ವೇರ್ ನವೀಕರಿಸಿದರೆ ಹಳೆಯ ಯಂತ್ರವೂ ಹೊಸ ದಿನಾಂಕ ತೋರಿಸೀತು. ಕೆಲವು ಬೋರ್ಡುಗಳಲ್ಲಂತೂ ಹೆಸರಿನ ಜಾಗದಲ್ಲಿ ‘ತಯಾರಕರು ಇಲ್ಲಿ ಭರ್ತಿ ಮಾಡಬೇಕು’ ಎಂಬರ್ಥದ ಇಂಗ್ಲಿಷ್ ಸಾಲು ಹಾಗೇ ಉಳಿದಿರುತ್ತದೆ.