ಮೊಲ, ಮೊಳ, ಮೊಳೆ, ಮೋಲ್

ನಮ್ಮ ಅಮ್ಮನಿಗೆ ಎಂಬತ್ತನಾಲ್ಕು. ಕಣ್ಣು ಇನ್ನೂ ಚುರುಕು. ಕಿವಿ ಮಾತ್ರ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಮೊನ್ನೆ ಸಂಜೆ ಜಗಲಿಯಲ್ಲಿ ಕವಳದ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಪಿಯುಸಿ ಮೊದಲ ವರ್ಷದಲ್ಲಿರುವ ನನ್ನ ತಮ್ಮನ ಮಗಳು ಒಳಕೋಣೆಯಲ್ಲಿ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು: ಎರಡು ಮೋಲ್ ಹೈಡ್ರೋಜನ್, ಒಂದು ಮೋಲ್ ಆಕ್ಸಿಜನ್, ಎರಡು ಮೋಲ್ ನೀರು. ಅಡಕತ್ತರಿ ಆಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ತಮ್ಮಾ, ಮನೆಗೆ ಮೊಲ ಯಾರು ತಂದರೋ? ಅದೂ ಎರಡೆರಡು?"

"ಮೊಲ ಅಲ್ಲ ಅಮ್ಮಾ, ಮೋಲ್. ಪಾಠದ್ದು."

"ಪಾಠದ ಮೊಲವೋ? ಹಾಗಾದರೆ ಕಾಲು ಎಷ್ಟಂತೆ ಕೇಳು. ಮೂರೋ, ನಾಲ್ಕೋ?"

ನಾನು ನಗಲಿಲ್ಲ. ನಲವತ್ತೈದು ವರ್ಷಗಳ ಹಿಂದೆ ನಾನೂ ಇದೇ ಮೊಲದ ಬೆನ್ನು ಹತ್ತಿ ಓಡಿ, ಮುಗ್ಗರಿಸಿ ಬಿದ್ದವನು. ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಓದಿದ ನನಗೆ ಕಾಲೇಜಿನಲ್ಲಿ ಎಲ್ಲವೂ ಇಂಗ್ಲಿಷು. ಮಾಸ್ತರು ಮೋಲ್ ಎಂದಾಗ ಮೊದಲ ದಿನ ಮೊಲವೆಂದೇ ತಿಳಿದೆ. ಎರಡನೆಯ ದಿನ ನಿಘಂಟು ತೆಗೆದು ನೋಡಿದರೆ, ನೆಲ ಕೊರೆಯುವ ಒಂದು ಪ್ರಾಣಿ, ಇಲ್ಲವೇ ಮೈಮೇಲಿನ ಮಚ್ಚೆ ಎಂದಿತ್ತು. ಒಂದು ಮಚ್ಚೆ ಆಕ್ಸಿಜನ್ ಎಂದರೆ ಏನು? ಕೇಳುವ ಧೈರ್ಯವಿರಲಿಲ್ಲ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ನನ್ನನ್ನು ಕೈಬಿಟ್ಟಿತು, ನಾನೂ ಅದನ್ನು ಕೈಬಿಟ್ಟೆ. ವಾಣಿಜ್ಯ ಓದಿ ಬ್ಯಾಂಕು ಸೇರಿ, ಊರೂರು ಸುತ್ತಿ, ನಿವೃತ್ತನಾಗಿ ಮನೆಗೆ ಬಂದೆ. ಈಗ ಹುಡುಗಿ ಪುಸ್ತಕ ಹಿಡಿದುಕೊಂಡು "ದೊಡ್ಡಪ್ಪಾ, ಇದೊಂದು ಲೆಕ್ಕ" ಎಂದು ಬಂದು ನಿಂತಾಗ, ಹಳೆಯ ಸಾಲಗಾರನನ್ನು ಸಂತೆಯಲ್ಲಿ ಎದುರುಗೊಂಡ ಹಾಗಾಯಿತು. ಮುಖ ತಿರುಗಿಸಿ ಹೋಗುವುದಕ್ಕೆ ಈಗ ಯಾವ ತುರ್ತೂ ಇಲ್ಲ. ಕೂತು ಓದಿದೆ. ಓದುತ್ತ ಹೋದಂತೆ, ಮೋಲನ್ನು ನಾನು ಕನ್ನಡದಲ್ಲಿ ತಪ್ಪು ತಿಳಿದಿರಲಿಲ್ಲ, ಸಾಕಷ್ಟು ತಿಳಿದಿರಲಿಲ್ಲ ಅಷ್ಟೇ ಎನ್ನಿಸಿತು. ಅದರಲ್ಲಿ ಮೊಲವೂ ಇದೆ, ಮೊಳವೂ ಇದೆ, ಮೊಳೆಯೂ ಇದೆ.

ಮೊಳೆಯಿಂದಲೇ ಶುರುಮಾಡುತ್ತೇನೆ. ಮೊಳೆಯನ್ನು ಎಣಿಸಿ ಕೊಡುವ ಅಂಗಡಿಯವನನ್ನು ನೀವು ಕಂಡಿದ್ದೀರಾ? ಬಡಗಿಗೆ ಬೇಕಾದದ್ದು ಎಣಿಕೆ: ಈ ಬಾಗಿಲಿಗೆ ಇಷ್ಟು, ಆ ಕಿಟಕಿಗೆ ಅಷ್ಟು. ಅಂಗಡಿಯವನು ಕೊಡುವುದು ತೂಕ. ಇಬ್ಬರಿಗೂ ಜಗಳವಿಲ್ಲ, ಒಂದಿಂಚಿನದು ಕಿಲೋಗೆ ಎಷ್ಟು ಬರುತ್ತದೆ, ಮೂರಿಂಚಿನದು ಎಷ್ಟು ಬರುತ್ತದೆ ಎಂಬುದು ಇಬ್ಬರಿಗೂ ಅಂದಾಜಿದೆ. ದೊಡ್ಡ ಮೊಳೆ ಸಣ್ಣದಕ್ಕಿಂತ ಹದಿನಾರು ಪಟ್ಟು ಭಾರ ಎಂದಿಟ್ಟುಕೊಳ್ಳಿ. ಒಂದು ಕಿಲೋ ಸಣ್ಣ ಮೊಳೆ, ಹದಿನಾರು ಕಿಲೋ ದೊಡ್ಡ ಮೊಳೆ ತೂಗಿಸಿಕೊಂಡರೆ, ಒಂದನ್ನೂ ಎಣಿಸದೆ, ಎರಡು ಚೀಲದಲ್ಲೂ ಸಮಸಮ ಮೊಳೆ ಇದೆಯೆಂದು ಆಣೆ ಮಾಡಿ ಹೇಳಬಹುದು.

ಹೈಡ್ರೋಜನ್ ಪರಮಾಣು ಸಣ್ಣ ಮೊಳೆ, ಆಕ್ಸಿಜನ್ ಪರಮಾಣು ಹದಿನಾರು ಪಟ್ಟು ಭಾರದ ದೊಡ್ಡ ಮೊಳೆ. ಪರಮಾಣುಗಳು ಕೂಡಿಕೊಳ್ಳುವುದು ಎಣಿಕೆಯ ಮೇಲೆ, ಇದಕ್ಕೆ ಎರಡು, ಅದಕ್ಕೆ ಒಂದು ಎಂಬ ಹಾಗೆ. ನಮ್ಮ ಕೈಯಲ್ಲಿರುವುದು ಮಾತ್ರ ತಕ್ಕಡಿ. ತೂಗಿ ಎಣಿಸುವ ಈ ಅಂಗಡಿ ಲೆಕ್ಕಕ್ಕೆ ಇಟ್ಟ ಹೆಸರೇ ಮೋಲ್. 1 ಗ್ರಾಂ ಹೈಡ್ರೋಜನ್, 16 ಗ್ರಾಂ ಆಕ್ಸಿಜನ್, 12 ಗ್ರಾಂ ಇಂಗಾಲ, ಈ ಮೂರು ಪೊಟ್ಟಣಗಳಲ್ಲೂ ಪರಮಾಣುಗಳ ಎಣಿಕೆ ಒಂದೇ. ಡಜನ್ ಎಂದರೆ ಹನ್ನೆರಡು ಹೇಗೋ ಮೋಲ್ ಎಂದರೆ ಆ ಎಣಿಕೆ.

ಎಷ್ಟು ಆ ಎಣಿಕೆ? ಪುಸ್ತಕದಲ್ಲಿ ಹತ್ತರ ತಲೆಯ ಮೇಲೆ 23 ಕೂರಿಸಿ ಬರೆದಿರುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಕೋಟಿ ಮೂರು ಸಲ, ಅಚ್ಚಿನ ತಪ್ಪಲ್ಲ. ಸೆಕೆಂಡಿಗೆ ಒಂದು ಕೋಟಿಯಂತೆ ಎಣಿಸಿದರೂ ಮುಗಿಯಲು ಸುಮಾರು 190 ಕೋಟಿ ವರ್ಷ ಬೇಕು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷವಂತೆ. ಅವನು ಬೆಳಿಗ್ಗೆ ಸ್ನಾನ ಮುಗಿಸಿ ಎಣಿಸಲು ಕೂತರೆ ಊಟದೆಲೆ ಹಾಕುವ ಹೊತ್ತಿಗೆ ಮುಗಿಸಿಯಾನು. ಇಷ್ಟೊಂದು ನೀರಿನ ಅಣುಗಳು ಎಲ್ಲಿರುತ್ತವೆ ಎಂದರೆ 18 ಗ್ರಾಂ ನೀರಿನಲ್ಲಿ, ಒಂದು ಗುಟುಕಿನಲ್ಲಿ.

ಈ ಸಂಖ್ಯೆಗೆ ಇಟಲಿಯ ಅವೊಗಾಡ್ರೊನ ಹೆಸರಿಟ್ಟಿದ್ದಾರೆ. ಅವನು ಓದಿದ್ದು ಕಾನೂನು. ಒಂದೇ ತಾಪಮಾನದಲ್ಲಿ, ಒಂದೇ ಒತ್ತಡದಲ್ಲಿ, ಸಮಾನ ಗಾತ್ರದ ಯಾವ ಅನಿಲದಲ್ಲೂ ಅಣುಗಳ ಎಣಿಕೆ ಸಮಾನ ಎಂದು 1811ರಲ್ಲಿ ಬರೆದ. ಕೇಳುವವರು ಹೆಚ್ಚು ಇರಲಿಲ್ಲ. 1856ರಲ್ಲಿ ತೀರಿಕೊಂಡ. ನಾಲ್ಕು ವರ್ಷದ ಮೇಲೆ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನವಿಜ್ಞಾನಿಗಳ ದೊಡ್ಡ ಸಭೆ ಸೇರಿದಾಗ ಅವನದೇ ನಾಡಿನ ಕನ್ನಿಜ್ಜಾರೊ ಆ ಮಾತನ್ನು ಎತ್ತಿ ಹಿಡಿದ. ತನ್ನ ಹೆಸರಿನ ಸಂಖ್ಯೆ ಎಷ್ಟೆಂದು ಅವೊಗಾಡ್ರೊಗೆ ಗೊತ್ತೇ ಇರಲಿಲ್ಲ. 1909ರಲ್ಲಿ ಫ್ರಾನ್ಸಿನ ಪೆರಾನ್ ಆ ಹೆಸರಿಟ್ಟ. ಸತ್ತ ಮೇಲೆ ಖಾತೆಗೆ ಬಡ್ಡಿ ಸಮೇತ ಜಮಾ ಆದದ್ದನ್ನು ಬ್ಯಾಂಕಿನಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಇಷ್ಟು ದೊಡ್ಡ ಮೊತ್ತ ನೋಡಿರಲಿಲ್ಲ.

ಇನ್ನು ಮೊಳ. ಪೇಟೆಯಲ್ಲಿ ಹೂವು ಕೊಳ್ಳುವ ಜಾಣೆಯರು ಮೊದಲು ಹೂವನ್ನು ನೋಡುವುದಿಲ್ಲ, ಹೂವಿನವಳ ಕೈ ನೋಡುತ್ತಾರೆ. ಮೊಳವೆಂದರೆ ಅವಳ ಮೊಳಕೈಯಿಂದ ಬೆರಳ ತುದಿಯವರೆಗೆ. ಗಿಡ್ಡ ಕೈಯವಳ ಮೊಳ ಗಿಡ್ಡ, ದರ ಮಾತ್ರ ಒಂದೇ. ಮೋಲಿಗೂ ಬಹುಕಾಲ ಇಂಥದ್ದೊಂದು ಕೈಯ ಹಂಗಿತ್ತು. 1971ರಲ್ಲಿ ಅದನ್ನು ಅಂತರರಾಷ್ಟ್ರೀಯ ಮೂಲಮಾನಗಳ ಪಂಕ್ತಿಗೆ ಸೇರಿಸಿದಾಗ, 12 ಗ್ರಾಂ ಇಂಗಾಲ-12ರಲ್ಲಿ ಎಷ್ಟು ಪರಮಾಣುಗಳಿವೆಯೋ ಅಷ್ಟು ಎಂದರು. ಗ್ರಾಮೆಂದರೆ ಕಿಲೋಗ್ರಾಮಿನ ಸಾವಿರದಲ್ಲೊಂದು ಪಾಲು; ಕಿಲೋಗ್ರಾಮೆಂದರೆ ಪ್ಯಾರಿಸ್ಸಿನ ಬಳಿ ಗಾಜಿನ ಗಂಟೆಗಳೊಳಗೆ ಕಾಪಿಟ್ಟ ಒಂದು ಲೋಹದ ತುಂಡು. ಕೊನೆಗೆ ಜಗತ್ತಿನ ಹೂವಿನವಳು ಆ ತುಂಡೇ. 2019ರ ಮೇ 20ರಿಂದ ಆ ಹಂಗು ಹರಿಯಿತು. ಮೋಲ್ ಎಂದರೆ ಇಂಥ ಸಂಖ್ಯೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ನಿಗದಿ ಮಾಡಿಬಿಟ್ಟರು. ಹೂವು ಇನ್ನೂ ಮೊಳಕೈಯಲ್ಲೇ ಅಳೆಸಿಕೊಳ್ಳುತ್ತಿದೆ, ಅಳೆಸಿಕೊಳ್ಳಲಿ.

ಈಗ ಅಮ್ಮನ ಮೊಲ. ಹುಡುಗಿ ಬರೆದ ಸಮೀಕರಣ ನೋಡಿದೆ. ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣು, ಆಕ್ಸಿಜನ್ ಅಣುವಿನಲ್ಲೂ ಎರಡು. ಸೇರಿ ನೀರು, ಅಂದರೆ ಎಚ್ ಟೂ ಓ. ಎಡಗಡೆ ಎರಡು ಆಕ್ಸಿಜನ್, ಬಲಗಡೆ ಒಂದೇ. ಅವಳು ಸರಿದೂಗಿಸಲು ಸುಲಭದ ದಾರಿ ಹಿಡಿದಿದ್ದಳು: ಓ ಪಕ್ಕದಲ್ಲಿ ಕೆಳಗೊಂದು ಚಿಕ್ಕ 2 ಸೇರಿಸಿಬಿಟ್ಟಿದ್ದಳು. ಎಡ ಬಲ ಸರಿಹೋಯಿತು. ಆದರೆ ಎಚ್ ಟೂ ಓ ಟೂ ನೀರಲ್ಲ. ಗಾಯಕ್ಕೆ ಹಾಕಿದರೆ ಬುಸಬುಸ ನೊರೆಯೇಳುವ ಹೈಡ್ರೋಜನ್ ಪೆರಾಕ್ಸೈಡ್. ಲೆಕ್ಕ ಸರಿಯಾಯಿತು, ಬಾಯಾರಿದವನ ಗತಿ ಏನು?

"ಕೂಸೇ, ಮೊಲ ಎಷ್ಟು ಬೇಕೋ ಅಷ್ಟು ಹಿಡಿ. ಕಾಲು ಮಾತ್ರ ಮುಟ್ಟಬೇಡ," ಎಂದೆ. ಎದುರಿಗೆ ಬರೆಯುವ ದೊಡ್ಡ ಅಂಕಿ ಮೊಲಗಳ ಎಣಿಕೆ. ಕೆಳಗೆ ಬರೆಯುವ ಚಿಕ್ಕ ಅಂಕಿ ಮೊಲದ ಕಾಲು. ಎರಡು ಹೈಡ್ರೋಜನ್, ಒಂದು ಆಕ್ಸಿಜನ್, ಎರಡು ನೀರು, ಹೀಗೆ ಎಣಿಕೆಯಲ್ಲಿ ಸರಿದೂಗಿಸಬೇಕೇ ಹೊರತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟ ಹಿಡಿಯುವಂತಿಲ್ಲ. ಜಗಲಿಯಿಂದ ಅಮ್ಮ "ನಾನು ಆಗಲೇ ಕೇಳಿದೆನಲ್ಲ" ಎಂದಳು. ಇಂಥ ಮಾತುಗಳು ಅವಳಿಗೆ ತಪ್ಪದೆ ಕೇಳಿಸುತ್ತವೆ.

ಕಾಲು ತಿದ್ದುವ ಆಸೆ ನನಗೆ ಹೊಸದಲ್ಲ. ಕಂಪ್ಯೂಟರ್ ಬರುವ ಮುಂಚೆ ಬ್ಯಾಂಕಿನಲ್ಲಿ ಸಂಜೆ ಜಮಾ-ಖರ್ಚು ತಾಳೆಯಾಗುವ ತನಕ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂಬತ್ತು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಒಂಬತ್ತರವರೆಗೆ ಕೂತದ್ದಿದೆ. ವ್ಯತ್ಯಾಸ ಒಂಬತ್ತರಿಂದ ಪೂರ್ತಿ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, 54ನ್ನು 45 ಎಂದು ಬರೆದಿರಬಹುದು ಎಂದು ಹಿರಿಯ ಗುಮಾಸ್ತರು ಹೇಳಿಕೊಟ್ಟಿದ್ದರು. ಅದೂ ಸಿಗದೆ ಕೊನೆಯ ಬಸ್ಸಿನ ಹೊತ್ತಾದರೆ ಜೇಬಿನಿಂದ ಒಂಬತ್ತು ರೂಪಾಯಿ ಹಾಕಿ ಎದ್ದುಬಿಡೋಣ ಎನ್ನಿಸುತ್ತಿತ್ತು. ಅದು ಸಲ್ಲದು. ಸಲ್ಲುವ ದಾರಿಯೊಂದಿತ್ತು: ಸಸ್ಪೆನ್ಸ್ ಖಾತೆ. ತಲೆಬುಡ ತಿಳಿಯದ ಮೊತ್ತವನ್ನು ಅದರಲ್ಲಿ ಕೂರಿಸಿ, ಆಮೇಲೆ ನೋಡೋಣ ಎನ್ನುವುದು.

ರಸಾಯನಶಾಸ್ತ್ರವೂ ಹದಿನೆಂಟನೆಯ ಶತಮಾನದಲ್ಲಿ ಒಂದು ಸಸ್ಪೆನ್ಸ್ ಖಾತೆ ಇಟ್ಟುಕೊಂಡಿತ್ತು. ಹೆಸರು ಫ್ಲಾಜಿಸ್ಟನ್. ಕಟ್ಟಿಗೆ ಸುಟ್ಟರೆ ಹಿಡಿ ಬೂದಿ ಉಳಿಯುತ್ತದೆ, ಮಿಕ್ಕಿದ್ದು ಎಲ್ಲಿ ಹೋಯಿತು? ಉರಿಯುವ ವಸ್ತುವಿನೊಳಗೆ ಫ್ಲಾಜಿಸ್ಟನ್ ಎಂಬುದೊಂದಿದೆ, ಅದು ಹಾರಿಹೋಯಿತು ಎಂದರು. ತವರವನ್ನು ಕಾಯಿಸಿದರೆ ಬರುವ ಬೂದಿ ತವರಕ್ಕಿಂತ ಭಾರವಾಗಿರುತ್ತದೆ, ಅದು ಹೇಗೆ? ಕೆಲವರು ಫ್ಲಾಜಿಸ್ಟನ್ನಿಗೆ ಋಣತೂಕವಿದೆ ಎನ್ನುವವರೆಗೂ ಹೋದರು. ಯಾವ ವ್ಯತ್ಯಾಸ ಬಂದರೂ ನುಂಗಿಕೊಳ್ಳುವ ಖಾತೆ ಅದು.

ಅದನ್ನು ಮುಚ್ಚಿಸಿದವನು ಪ್ಯಾರಿಸ್ಸಿನ ಲವಾಸಿಯೇ. ವೃತ್ತಿಯಲ್ಲಿ ಅವನು ತೆರಿಗೆ ವಸೂಲಿಯ ಗುತ್ತಿಗೆ ಹಿಡಿದ ಕೂಟದ ಪಾಲುದಾರ, ಹೆಚ್ಚುಕಡಿಮೆ ನಮ್ಮವನು. ತವರವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಕಾಯಿಸಿದ. ಒಟ್ಟು ತೂಕ ಬದಲಾಗಲಿಲ್ಲ. ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿ ತೂಕ ಏರಿತು. ತವರ ಗಾಳಿಯ ಒಂದು ಪಾಲನ್ನು ನುಂಗಿತ್ತು, ಅಷ್ಟೇ. ಕ್ರಿಯೆಗೆ ಮುಂಚೆ ಎಷ್ಟು ತೂಕವೋ ಆಮೇಲೂ ಅಷ್ಟೇ ಎಂಬುದನ್ನು 1789ರ ತನ್ನ ಪಠ್ಯಪುಸ್ತಕದಲ್ಲಿ ಜಮಾ-ಖರ್ಚಿನ ಹಾಗೆ ಬರೆದಿಟ್ಟ. 1794ರ ಮೇ 8ರಂದು ಕ್ರಾಂತಿಯವರು ಅವನ ತಲೆ ಕತ್ತರಿಸಿದರು. ತೆರಿಗೆಯ ಲೆಕ್ಕಕ್ಕೆ, ತವರದ ಲೆಕ್ಕಕ್ಕಲ್ಲ. ತವರದ ಲೆಕ್ಕದಲ್ಲಿ ಯಾರಿಗೂ ತಪ್ಪು ಸಿಕ್ಕಿಲ್ಲ.

ಹುಡುಗಿಗೆ ಇನ್ನೊಂದು ಅನುಮಾನ. "ದೊಡ್ಡಪ್ಪಾ, ಎರಡು ಮೋಲ್, ಒಂದು ಮೋಲ್ ಸೇರಿ ಮೂರು ಆಗಬೇಕಲ್ಲ? ನೀರು ಎರಡೇ ಮೋಲ್ ಬಂತು. ಇನ್ನೊಂದು ಎಲ್ಲಿ ಹೋಯಿತು?" ಒಳ್ಳೆಯ ಪ್ರಶ್ನೆ. ನನಗೆ ಹದಿನಾರರಲ್ಲಿ ಇದೇ ಅನುಮಾನ ಬಂದಿತ್ತು, ಕೇಳಿರಲಿಲ್ಲ. ಅವಳನ್ನು ಕವಳದ ತಟ್ಟೆಯ ಮುಂದೆ ಕೂರಿಸಿದೆ. ಎರಡು ಎಲೆ, ಒಂದು ಅಡಿಕೆ; ಮಡಚಿದರೆ ಒಂದು ಕವಳ. ಮೂರು ವಸ್ತು ಒಂದಾಯಿತು, ಮಿಕ್ಕ ಎರಡು ಎಲ್ಲಿ ಎಂದು ಯಾರಾದರೂ ಕೇಳುತ್ತಾರೆಯೇ? ಎಲೆ ಎರಡೂ ಒಳಗಿವೆ, ಅಡಿಕೆಯೂ ಒಳಗಿದೆ. ಕಂತೆಗಳ ಎಣಿಕೆ ಬದಲಾಗಬಹುದು, ಒಳಗಿನ ಸಾಮಾನಿನ ಎಣಿಕೆ ಬದಲಾಗದು. 4 ಗ್ರಾಂ ಹೈಡ್ರೋಜನ್, 32 ಗ್ರಾಂ ಆಕ್ಸಿಜನ್, ಬಂದ ನೀರು 36 ಗ್ರಾಂ. ತಟ್ಟೆಯಲ್ಲಿ ಹತ್ತು ಎಲೆಯಿದ್ದು ಅಡಿಕೆ ಮೂರೇ ಇದ್ದರೆ ಕವಳ ಮೂರೇ. ನಾಲ್ಕು ಎಲೆ ಸುಮ್ಮನೆ ಬಾಡುತ್ತವೆ. ಯಾವುದು ಮೊದಲು ಮುಗಿಯುತ್ತದೋ ಅದರದೇ ಯಜಮಾನಿಕೆ. ಪುಸ್ತಕದಲ್ಲಿ ಇದಕ್ಕೊಂದು ಉದ್ದದ ಹೆಸರಿತ್ತು. ಅಮ್ಮನ ಬಾಯಲ್ಲಿ "ಅಡಿಕೆ ಮುಗೀತು, ಏಳಿ" ಅಷ್ಟೇ.

ಆಮೇಲೆ ನಮ್ಮಿಬ್ಬರಿಗೂ ಲೆಕ್ಕದ ಹುಚ್ಚು ಹಿಡಿಯಿತು. ಅವತ್ತೇ ಅಡುಗೆಮನೆಯ ಸಿಲಿಂಡರ್ ಖಾಲಿಯಾಗಿತ್ತು. ತುಂಬಿದ್ದಾಗ ಅದರಲ್ಲಿದ್ದ ಅನಿಲ 14.2 ಕಿಲೋ. ಎಲ್ಲವೂ ಬ್ಯುಟೇನ್ ಎಂದಿಟ್ಟುಕೊಂಡೆವು. ಎರಡು ಬ್ಯುಟೇನಿಗೆ ಹದಿಮೂರು ಆಕ್ಸಿಜನ್. ಬರುವುದು ಎಂಟು ಇಂಗಾಲದ ಡೈಆಕ್ಸೈಡ್, ಹತ್ತು ನೀರು. ಗುಣಿಸಿ ಭಾಗಿಸಿ ನೋಡಿದರೆ, ಆ 14.2 ಕಿಲೋ ಅನಿಲ ಗಾಳಿಯಿಂದ ಸುಮಾರು 51 ಕಿಲೋ ಆಕ್ಸಿಜನ್ ಎಳೆದುಕೊಂಡು, 43 ಕಿಲೋ ಇಂಗಾಲದ ಡೈಆಕ್ಸೈಡನ್ನೂ 22 ಕಿಲೋ ನೀರನ್ನೂ ಮಾಡಿತ್ತು. ಎರಡು ಕಡೆಯೂ 65 ಕಿಲೋ, ತಾಳೆ. ಒಂದೂವರೆ ಕೊಡ ನೀರು ನಮ್ಮ ಒಲೆಯ ಮೇಲೆ ಹುಟ್ಟಿ ಕಿಟಕಿಯಿಂದ ಹೊರಟುಹೋಗಿದೆ, ಯಾರೂ ನೋಡಿಲ್ಲ. ಖಾಲಿಯಾಯಿತು ಎನ್ನುವುದು ನಮ್ಮ ಅಡುಗೆಮನೆಯ ಮಾತು. ಸಮೀಕರಣಕ್ಕೆ ಖಾಲಿ ಎಂಬ ಪದವೇ ಗೊತ್ತಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸುಣ್ಣದ ಲೆಕ್ಕ. ನಮ್ಮೂರು ಅಘನಾಶಿನಿಯ ಅಳಿವೆಗೆ ಹತ್ತಿರ. ಅಳಿವೆಯ ಕೆಸರಿನಿಂದ ತೆಗೆದ ಚಿಪ್ಪನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಚಿಕ್ಕವನಿದ್ದಾಗ ನೋಡಿದ್ದೇನೆ. 100 ಕಿಲೋ ಶುದ್ಧ ಚಿಪ್ಪು ಸುಟ್ಟರೆ ಸುಟ್ಟ ಸುಣ್ಣ 56 ಕಿಲೋ. 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ. ಸುಟ್ಟ ಸುಣ್ಣಕ್ಕೆ 18 ಕಿಲೋ ನೀರು ಕುಡಿಸಿದರೆ ಬುಸುಗುಟ್ಟಿ, ಕೊತಕೊತ ಕುದಿದು, 74 ಕಿಲೋ ಅರಳಿದ ಸುಣ್ಣ. ಅದನ್ನು ದೀಪಾವಳಿಯ ಮುಂಚೆ ಕದಡಿ ಗೋಡೆಗೆ ಬಳಿಯುತ್ತಿದ್ದೆವು. ಬಳಿದ ಸುಣ್ಣ ಒಣಗಿ ಗಟ್ಟಿಯಾಯಿತು ಎಂದಷ್ಟೇ ನಾನು ತಿಳಿದಿದ್ದೆ. ಅದು ದಿನದಿನವೂ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತಿತ್ತು. 44 ಕಿಲೋ ಒಳಗೆ, 18 ಕಿಲೋ ನೀರು ಹೊರಗೆ, ಉಳಿದದ್ದು 100. ಗೋಡೆಯ ಮೇಲೆ ಕೂತದ್ದು ಮತ್ತೆ ಚಿಪ್ಪಿನ ಪದಾರ್ಥವೇ. ಭಟ್ಟಿ ಮಾಡಿದ ಸಾಲವನ್ನು ಗೋಡೆ ತೀರಿಸುತ್ತಿತ್ತು. ನಾವು ಹುಡುಗರು ಅದರ ಮೇಲೆ ಇದ್ದಿಲಲ್ಲಿ ಗೀಚಿ ಬೈಸಿಕೊಳ್ಳುತ್ತಿದ್ದೆವು.

ಇದನ್ನೆಲ್ಲ ಹುಡುಗಿ ಬರೆದು ಮುಗಿಸುವಾಗ ಅಮ್ಮ ಸುಣ್ಣದ ಡಬ್ಬಿಯನ್ನು ಕಡ್ಡಿಯಿಂದ ಕೆದಕುತ್ತಿದ್ದಳು. "ಇದರ ಮುಚ್ಚಳ ತೆರೆದಿಟ್ಟವರು ಯಾರು? ಕಲ್ಲಾಗಿದೆ."

"ಅಜ್ಜೀ, ಅದು ಕಲ್ಲಲ್ಲ, ವಾಪಸ್ ಚಿಪ್ಪಾಗಿದೆ!" ಹುಡುಗಿ ಪುಸ್ತಕ ಹಿಡಿದುಕೊಂಡೇ ಓಡಿ ಬಂದಳು.

"ಚಿಪ್ಪಾಗಲಿ ಕಪ್ಪೆಚಿಪ್ಪಾಗಲಿ, ಕವಳಕ್ಕೆ ಬರುತ್ತದೋ ಇಲ್ಲವೋ?"

ಬರುವುದಿಲ್ಲ. ನೀರು ಹನಿಸಿದರೂ ಬರುವುದಿಲ್ಲ. ಮತ್ತೆ ಭಟ್ಟಿಗೇ ಹೋಗಬೇಕು. ಮುಚ್ಚಳ ತೆರೆದಿಟ್ಟವನು ನಾನೇ ಎಂಬುದನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಪೇಟೆಗೆ ಹೊರಟೆ.

"ತಮ್ಮಾ, ಬರುವಾಗ ಎರಡು ಮೊಳ ಹೂವೂ ತಾ," ಎಂದು ಅಮ್ಮ ಕೂಗಿದಳು.

ಒಳಗಿನಿಂದ ಹುಡುಗಿಯ ಗಾಬರಿಯ ದನಿ ಕೇಳಿಸಿತು: "ಎರಡು ಮೋಲ್ ಹೂವಾ? ಅಷ್ಟನ್ನೆಲ್ಲ ಇಡೋದೆಲ್ಲಿ ಅಜ್ಜೀ?"